ಸಹಾಯ ಬೇಕು: ಬೆಂಟೋನಿಯಾ ಬ್ಲೂಸ್‌ಗೆ ಗಿಟಾರ್ ಶ್ರುತಿ ಹೇಗೆ ಮಾಡೋದು?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಸಿಸಿಪಿಯ ಬೆಂಟೋನಿಯಾ ಅನ್ನೋ ಊರಿನ ಬ್ಲೂಸ್ (ಆಫ್ರಿಕನ್-ಅಮೆರಿಕನ್ನರ ಸಂಗೀತ ಪ್ರಕಾರ) ಉತ್ಸವಕ್ಕೆ ಗೆಳೆಯರ ಜೊತೆ ಹೋಗಿದ್ದೆ. ಅಲ್ಲಿ ಜಿಮ್ಮಿ ಡಕ್ ಹೋಮ್ಸ್ ನುಡಿಸಿದ್ದನ್ನ ಮೊದಲ ಸಲ ಕೇಳಿದೆ. 1947ರಲ್ಲಿ ಹುಟ್ಟಿದವರು, ಅಪ್ಪ-ಅಮ್ಮ 1948ರಲ್ಲಿ ಶುರು ಮಾಡಿದ ಬ್ಲೂ ಫ್ರಂಟ್ ಕೆಫೆಯನ್ನ ನಡೆಸಿಕೊಂಡು ಬಂದವರು. ಇಷ್ಟು ದೊಡ್ಡ ಕಲಾವಿದರ ಹೆಸರೇ ನನಗೆ ಗೊತ್ತಿರಲಿಲ್ಲವಲ್ಲ ಅಂತ ಬೇಜಾರಾಯ್ತು. ಆ ಮೈನರ್ (ವಿಷಾದದ ಛಾಯೆಯ) ನಾದ ಇನ್ನೂ ಕಿವಿಯಲ್ಲೇ ಇದೆ. ಅವರ ಗುರು ಜಾಕ್ ಓವೆನ್ಸ್, ಅದೇ ಊರಿನ ಸ್ಕಿಪ್ ಜೇಮ್ಸ್ 1931ರಲ್ಲಿ ಮಾಡಿದ ರೆಕಾರ್ಡಿಂಗ್, ಎಲ್ಲ ಹುಡುಕಿ ಕೇಳ್ತಿದೀನಿ.

ಈಗ ನಾನೂ ಕಲಿಯೋಣ ಅಂತ ಕೂತಿದೀನಿ. ಓಪನ್ ಇ ಮೈನರ್‌ಗೆ (ಫ್ರೆಟ್ ಒತ್ತದೆ ಮೀಟಿದರೇ ಇ ಮೈನರ್ ಸ್ವರಮೇಳ ಬರೋ ಶ್ರುತಿ) ಅಂತ ನಾಲ್ಕು, ಐದನೇ ತಂತಿಗಳನ್ನ ಎರಡೆರಡು ಸ್ವರಸ್ಥಾನ ಮೇಲೇರಿಸಿದೆ. ನಾಲ್ಕನೇದು ಎರಡು ಸಲ ಕಿತ್ತೋಯ್ತು. ಡಿ ಮೈನರ್‌ಗೆ ಇಳಿಸಿದರೆ ತಂತಿ ಸಡಿಲಾಗಿ ಗರಗರ ಅನ್ನುತ್ತೆ. ಇಳಿಸಿ ಎರಡನೇ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯೋ ಕ್ಲಿಪ್) ಹಾಕಿದರೆ ಸ್ವರ ಅದೇ ಬರುತ್ತೆ, ಆದರೆ ಆ ಗುಂಗು ಬರ್ತಿಲ್ಲ.

ಈ ಶೈಲಿ ನುಡಿಸೋರು ಯಾರಾದ್ರೂ ಇದ್ದರೆ ಹೇಳಿ: ತೆಳು ತಂತಿ ಹಾಕಿ ಇ ಮೈನರ್‌ಗೆ ಏರಿಸಲಾ, ಇಲ್ಲ ದಪ್ಪ ತಂತಿ ಹಾಕಿ ಡಿ ಮೈನರ್‌ನಲ್ಲೇ ಇರಲಾ?