ಸಯನೋಟೈಪ್: ತೊಳೆದ ಮೇಲೆ ನೀಲಿ ನಿಲ್ಲುತ್ತಿಲ್ಲ. ಕಾಗದದ ತಪ್ಪಾ, ನೀರಿನ ತಪ್ಪಾ?

ನೀಲಿಬೆರಳು (ಕಡೂರು):
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಸಯನೋಟೈಪ್ (ಕೆಮಿಕಲ್ ಹಚ್ಚಿದ ಕಾಗದದ ಮೇಲೆ ನೆಗೆಟಿವ್ ಇಟ್ಟು, ಬಿಸಿಲಿಗೆ ಹಿಡಿದು, ತೊಳೆದು ನೀಲಿ ಚಿತ್ರ ಮೂಡಿಸುವುದು) ಮಾಡುತ್ತಿದ್ದೇನೆ. ಶುರುವಿನಲ್ಲಿ ಸ್ಟೇಷನರಿ ಅಂಗಡಿಯ ಮಾಮೂಲಿ ಡ್ರಾಯಿಂಗ್ ಶೀಟ್ ಬಳಸಿದೆ, ಪರವಾಗಿಲ್ಲ ಅನ್ನುವ ಹಾಗೆ ಬಂತು, ಆದರೆ ಒದ್ದೆಯಾದಾಗ ಹಪ್ಪಳದ ಹಿಟ್ಟಿನ ಥರ ಹರಿದುಹೋಗುತ್ತಿತ್ತು. ಅದಕ್ಕೆ ದುಡ್ಡು ಹಾಕಿ 'ಆಸಿಡ್ ಫ್ರೀ' ಅಂತ ಬರೆದ 300 ಜಿಎಸ್‌ಎಂ ವಾಟರ್‌ಕಲರ್ ಪೇಪರ್ ತರಿಸಿದೆ. ಅಲ್ಲಿಂದಲೇ ತಾಪತ್ರಯ ಶುರು.

ನೆಗೆಟಿವ್ ಬೆಳವಾಡಿ ದೇವಸ್ಥಾನದ ಕಂಬಗಳದ್ದು, ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ಪ್ರಿಂಟ್ ಮಾಡಿಸಿದ್ದು. 100 ಎಂಎಲ್ ನೀರಿಗೆ ಫೆರಿಕ್ ಅಮೋನಿಯಂ ಸಿಟ್ರೇಟ್ (ಹಸಿರು ಪುಡಿ) 25 ಗ್ರಾಂ, ಇನ್ನೊಂದು 100 ಎಂಎಲ್‌ಗೆ ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ, ಎರಡೂ ಸಮಸಮ. ಮಧ್ಯಾಹ್ನದ ಬಿಸಿಲಲ್ಲಿ 15 ನಿಮಿಷ. ಫ್ರೇಮ್ ತೆಗೆದಾಗ ಚೆನ್ನಾಗೇ ಕಾಣುತ್ತೆ. ಬೋರ್ ನೀರಿನ ಟಬ್‌ಗೆ ಹಾಕಿದರೆ ಸಾಕು, ಕಂಬದ ಮೇಲಿನ ಆ ನುಣುಪು ಹೊಳಪೆಲ್ಲ ಹೋಗಿ ಬರೀ ಗಾಢ ನೆರಳು ಮಾತ್ರ ಉಳಿಯುತ್ತೆ. ಬೆಳಗ್ಗೆ ನೋಡಿದರೆ ಅದೂ ಮಾಸಿ, ಅಲ್ಲಲ್ಲಿ ಹಳದಿ. ನಮ್ಮತ್ತೆ "ಬಟ್ಟೆಗೆ ಹಾಕೋ ನೀಲಿಯೇ ಇದಕ್ಕಿಂತ ಗಟ್ಟಿ ನಿಲ್ಲುತ್ತಲ್ಲಮ್ಮ" ಅಂದರು. ಪುಡಿ ಹಳೇದಾಗಿದೆಯಾ?

ಮಳೆಹುಳ (ಸಕಲೇಶಪುರ):
ಬಿಸಿಲು ಸಾಲದು ಅಂತ ಕಾಣುತ್ತೆ ಅಕ್ಕ. 25 ನಿಮಿಷ ಇಟ್ಟು ನೋಡಿ. ನಮ್ಮ ಕಡೆ ಮಳೆಗಾಲದಲ್ಲಿ ನಂದೂ ಹೀಗೇ. ಹಚ್ಚಿದ ಹಾಳೆ ಒಣಗುವುದೇ ಇಲ್ಲ, ಒಣಗಿದರೂ ಮತ್ತೆ ತೇವ ಹೀರಿಕೊಂಡು ಕತ್ತಲಲ್ಲೇ ನೀಲಿ ತಿರುಗುತ್ತೆ. ನಾನಂತೂ ಹಚ್ಚಿದ ದಿನವೇ ಮುಗಿಸಿಬಿಡುತ್ತೇನೆ.

ನೀಲಿಬೆರಳು:
25 ಅಲ್ಲ, 40 ನಿಮಿಷವೂ ಇಟ್ಟೆ. ನೆರಳಿನ ಜಾಗ ಇನ್ನೂ ಕಪ್ಪಾಯಿತು ಅಷ್ಟೆ. ಬೆಳಗ್ಗೆ ಮತ್ತೆ ಅದೇ ಕಥೆ.

ಹಳೇಮೇಷ್ಟ್ರು (ಹಾಸನ):
ಬಿಸಿಲಿನದ್ದಲ್ಲಮ್ಮ. ಬಿಸಿಲು ಕಡಿಮೆಯಾದರೆ ಚಿತ್ರ ತೊಳೆಯುವಾಗಲೇ ಹೋಗಬೇಕು, ಒಣಗಿದ ಮೇಲೆ ರಾತ್ರಿ ಹೊತ್ತು ಮಾಸಬಾರದು. ಪುಡಿಯೂ ಅಲ್ಲ, ಅದು ಕೆಟ್ಟಿದ್ದರೆ ಬಿಳಿ ಇರಬೇಕಾದ ಜಾಗವೂ ನೀಲಿಯಾಗುತ್ತಿತ್ತು. ಇದು ಕ್ಷಾರದ ಕೆಲಸ. 1842ರಲ್ಲಿ ಜಾನ್ ಹರ್ಷಲ್ ಕಂಡುಹಿಡಿದಾಗಿನಿಂದಲೂ ಈ ನೀಲಿಯ ಬುದ್ಧಿ ಒಂದೇ: ಹುಳಿ ಸೇರುತ್ತೆ, ಕ್ಷಾರ ಆಗಿಬರಲ್ಲ. ಕ್ಷಾರ ತಾಗಿದರೆ ಪ್ರಷ್ಯನ್ ಬ್ಲೂ, ಅಂದರೆ ಇದೇ ನೀಲಿ, ಒಡೆದು ಕಬ್ಬಿಣದ ಹೈಡ್ರಾಕ್ಸೈಡ್ ಉಳಿಯುತ್ತೆ. ನಿನಗೆ ಕಾಣುತ್ತಿರುವ ಹಳದಿ ಅದೇ.

'ಆಸಿಡ್ ಫ್ರೀ' ಅಂದರೆ ಒಳ್ಳೇದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಣ್ಣ ಹಚ್ಚುವವರಿಗೆ ಒಳ್ಳೇದೇ. ಆದರೆ ಕಾಗದ ಬಹುಕಾಲ ಬಾಳಲಿ ಅಂತ ಅಂಥ ಎಷ್ಟೋ ಕಾಗದಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದಕಲ್ಲಿನ ನುಣ್ಣನೆ ಪುಡಿ, ಸೇರಿಸಿರುತ್ತಾರೆ. ಅದೇ ನಮಗೆ ಶತ್ರು. ಅಗ್ಗದ ಶೀಟ್‌ನಲ್ಲಿ ಎಷ್ಟೋ ಸಲ ಪಟಿಕ ಹಾಕಿರುತ್ತಾರೆ, ಅದು ಹುಳಿ, ಹಾಗಾಗಿ ನೀಲಿ ನಿಂತಿತು. ಆದರೆ ಆ ಹುಳಿಗೇ ಕಾಗದ ವರ್ಷ ಕಳೆದಂತೆ ಹಳದಿಯಾಗಿ ಮುರಿಯುತ್ತೆ, ಅದು ಬೇರೆ ಮಾತು.

ಪರೀಕ್ಷೆ ಸುಲಭ. ಹೊಸ ಕಾಗದದ ಮೂಲೆಗೆ ಅಡುಗೆಮನೆಯ ವಿನೆಗರ್ ಒಂದು ಹನಿ ಬಿಡು. ಬೆಳಕಿಗೆ ಓರೆ ಹಿಡಿದು, ಭೂತಗನ್ನಡಿ ಇದ್ದರೆ ಅದರಲ್ಲಿ ನೋಡು. ಹನಿಯೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆ ಏಳುತ್ತಿದ್ದರೆ ಸುಣ್ಣ ಇದೆ ಅಂತಲೇ. ಮತ್ತೆ ನಿಮ್ಮ ಬೋರ್ ನೀರು! ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಾ?

ನೀಲಿಬೆರಳು:
ಕಟ್ಟುತ್ತೆ ಸರ್, ಚಾಕುವಿನಲ್ಲಿ ಕೆರೆಯಬೇಕು. ವಿನೆಗರ್ ಬಿಟ್ಟೆ, ಮೊದಲು ಏನೂ ಕಾಣಲಿಲ್ಲ. ಮಗನ ಭೂತಗನ್ನಡಿ ಹಿಡಿದ ಮೇಲೆ ಸೋಡಾ ಬಾಟಲಿ ಥರ ಗುಳ್ಳೆ ಕಂಡಿತು.

ಸರಿ ಅಂತ ನಾಲ್ಕು ಪಟ್ಟಿ ಕತ್ತರಿಸಿ ಮಾಡಿದೆ. ಹೊಸ ಕಾಗದ ಬೋರ್ ನೀರಲ್ಲಿ ಪೂರ್ತಿ ಹಾಳು. ಹೊಸದನ್ನೇ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಲ್ಲಿ ತೊಳೆದಾಗ ಒದ್ದೆ ಇರುವವರೆಗೆ ಸೊಗಸು, ಬೆಳಗ್ಗೆ ಪೇಲವ. ಹಳೇ ಶೀಟ್ ಬೋರ್ ನೀರಲ್ಲಿ ಅರೆಬರೆ. ಹಳೇ ಶೀಟ್ ನಿಂಬೆ ಉಪ್ಪಲ್ಲಿ ಎಲ್ಲಕ್ಕಿಂತ ಚೆಂದ, ಕಂಬದ ಬಳೆಗಳೆಲ್ಲ ಎಣಿಸಬಹುದು. ಅಂದರೆ ಎರಡೂ ತಪ್ಪೇ ಅಲ್ವಾ? ಹನ್ನೊಂದು ಹಾಳೆ ಹಾಗೇ ಉಳಿದಿವೆ. ಎಸೆಯಲು ಹೊಟ್ಟೆ ಉರಿಯುತ್ತೆ.

ಮಳೆಹುಳ:
ಟಾಯ್ಲೆಟ್ ತೊಳೆಯುವ ಆಸಿಡ್ ನಾಲ್ಕು ಹನಿ ತೊಳೆಯುವ ನೀರಿಗೇ ಹಾಕಿಬಿಟ್ಟರೆ?

ಹಳೇಮೇಷ್ಟ್ರು:
ಬೇಡ ಮಾರಾಯ! ಫೆರಿಸಯನೈಡ್ ಇರುವ ಕಡೆ ಗಟ್ಟಿ ಆಸಿಡ್ ತರಲೇಬಾರದು, ವಿಷದ ಗಾಳಿ ಬರಬಹುದು. ವಿನೆಗರ್, ನಿಂಬೆ ಉಪ್ಪು, ಅಷ್ಟಕ್ಕೇ ನಿಲ್ಲಿಸು.

ಹಾಳೆ ಎಸೆಯಬೇಡಮ್ಮ. ಕೆಮಿಕಲ್ ಹಚ್ಚುವ ಮೊದಲೇ ಸುಣ್ಣ ತೆಗೆಯಬೇಕು. ಅದಕ್ಕೆ ನಿಂಬೆ ಉಪ್ಪಿಗಿಂತ ಸಲ್ಫಾಮಿಕ್ ಆಸಿಡ್ ವಾಸಿ, ಯಾಕೆಂದರೆ ನಿಂಬೆ ಉಪ್ಪಿನಿಂದ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ನೀರಲ್ಲಿ ಸರಿಯಾಗಿ ಕರಗದೆ ಕಾಗದದಲ್ಲೇ ಕೂರುತ್ತೆ. ಒಂದು ಲೀಟರ್‌ಗೆ 100 ಗ್ರಾಂ, ಪ್ಲಾಸ್ಟಿಕ್ ಟಬ್, ಕೈಗೆ ಗ್ಲೌಸ್. ಆಮೇಲೆ ಚೆನ್ನಾಗಿ ಜಾಲಿಸಿ ಒಣಗಿಸು. ಜಾಲಿಸಲು ಬೋರ್ ನೀರು ಬೇಡ, ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದುಕೋ, ಇಲ್ಲಾಂದ್ರೆ ಮಳೆ ನೀರು. ಪ್ರಿಂಟ್ ತೊಳೆಯುವಾಗ ಮೊದಲ ನೀರಿಗೆ ಲೀಟರ್‌ಗೆ ಒಂದು ಚಮಚ ನಿಂಬೆ ಉಪ್ಪು, ಎರಡು ನಿಮಿಷ. ಆಮೇಲೆ ಹಳದಿ ಬಿಡುವುದು ನಿಲ್ಲುವವರೆಗೆ ಸಾದಾ ನೀರು.

ಮುಂದಿನ ಸಲ ಬಫರ್ ಇಲ್ಲದ, ಅಂದರೆ ಆ ಸುಣ್ಣದ ಪುಡಿ ಸೇರಿಸದ, ಹತ್ತಿ ಕಾಗದ ಕೇಳಿ ತಗೋ. ಆರ್ಶ್ ಪ್ಲಾಟೀನ್, ಹಾನೆಮ್ಯೂಲೆ ಪ್ಲಾಟಿನಂ ರ‍್ಯಾಗ್ ಇದಕ್ಕೆಂದೇ ಮಾಡಿದ್ದು, ಜೇಬಿಗೆ ಭಾರ. ಕೈಕಾಗದ ಸಿಕ್ಕರೆ ಮೊದಲು ಒಂದೇ ಹಾಳೆ ತಂದು ವಿನೆಗರ್ ಹನಿ ಬಿಟ್ಟು ನೋಡು. ಕೈಕಾಗದ ಮೆತ್ತಗಿದ್ದು ಕೆಮಿಕಲ್ ಒಳಗೇ ಇಂಗಿಹೋದರೆ ತೆಳು ಗಂಜಿ ಒಂದು ಕೈ ಹಚ್ಚಿ ಒಣಗಿಸು. ಬ್ರಷ್‌ಗೆ ಕಬ್ಬಿಣದ ಪಟ್ಟಿ ಇರಬಾರದು, ನೀಲಿ ಚುಕ್ಕೆ ಬೀಳುತ್ತೆ. ಮತ್ತೆ ಪ್ರಿಂಟನ್ನು ಸುಣ್ಣ ಬಳಿದ ಗೋಡೆಗೆ ನೇರ ಅಂಟಿಸಿಬಿಟ್ಟೀಯ!

ಮಳೆಹುಳ:
ಅಕ್ಕ, ಮಾಸಿದ ಪ್ರಿಂಟ್ ಇದ್ದರೆ ಇಟ್ಟಿರಿ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಟ್ಯಾನಿನ್ ಇರುತ್ತಲ್ಲ, ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತೆ. ಕಾಫಿ ಟೋನಿಂಗ್ (ಪ್ರಿಂಟನ್ನು ಕಾಫಿಯಲ್ಲಿ ನೆನೆಸಿ ಬಣ್ಣ ಬದಲಿಸುವುದು) ಮಾಡಿ ಸಾಕಾಗಿದೆ, ಇದನ್ನೊಂದು ನೋಡೋಣ.

ನೀಲಿಬೆರಳು:
ಇಟ್ಟಿದ್ದೇನೆ, ರಾಶಿ ಇದೆ. ಸರ್, ಒಂದು ಹಾಳೆ ಸಲ್ಫಾಮಿಕ್‌ನಲ್ಲಿ ನೆನೆಸಿ ಮಾಡಿದ ಪ್ರಿಂಟ್ ಮೂರು ದಿನವಾದರೂ ಹಾಗೇ ಇದೆ! ಉಳಿದ ಹತ್ತೂ ಟಬ್‌ನಲ್ಲಿವೆ. ಅತ್ತೆ ಬಟ್ಟೆ ನೆನೆಸಲು ಟಬ್ ಕೇಳುತ್ತಿದ್ದಾರೆ. ಎಷ್ಟು ಹೊತ್ತು ಇಡಲಿ?

ಹಳೇಮೇಷ್ಟ್ರು:
ಗುಳ್ಳೆ ನಿಲ್ಲುವವರೆಗೆ. ಅತ್ತೆಗೆ ಬೇರೆ ಟಬ್ ಕೊಡಿಸು.