ಅರೇಲಿಸ್ಟ್ ತುಂಬ ಕೊನೆಯ ಪುಸ್ತಕವೇ ಕಾಣಿಸುತ್ತಿದೆ

ಪ್ರಶ್ನೆ:
ನಮ್ಮ ಓದುಗರ ಕೂಟದ ಪುಸ್ತಕಪಟ್ಟಿ ಒಂದು ಟೆಕ್ಸ್ಟ್ ಫೈಲಿನಲ್ಲಿದೆ. ಸಾಲಿಗೊಂದು ಪುಸ್ತಕ; ಹೆಸರು, ಲೇಖಕರು, ಬೆಲೆ ಇವುಗಳ ನಡುವೆ ಟ್ಯಾಬ್ ಇದೆ. ಎಷ್ಟು ಸಾಲುಗಳಿರುತ್ತವೆ ಎಂಬುದು ಮೊದಲೇ ತಿಳಿಯದ ಕಾರಣ ಜಾವಾದ ಅರೇಲಿಸ್ಟ್ (ಬೇಕಾದಂತೆ ಬೆಳೆಯುವ ಪಟ್ಟಿ) ಬಳಸಿದ್ದೇನೆ. ಲೂಪಿಗೆ ಮೊದಲೇ ‘ಪುಸ್ತಕ’ ಕ್ಲಾಸಿನ ಒಂದು ಆಬ್ಜೆಕ್ಟ್ ಮಾಡಿಕೊಂಡು, ಒಂದೊಂದು ಸಾಲು ಓದಿದಾಗಲೂ ಸೆಟ್ಟರ್‌ಗಳ (ಆಬ್ಜೆಕ್ಟಿನ ವಿವರ ಬದಲಿಸುವ ಮೆಥಡ್‌ಗಳ) ಮೂಲಕ ಅದಕ್ಕೆ ವಿವರ ತುಂಬಿ ಲಿಸ್ಟಿಗೆ ಸೇರಿಸುತ್ತೇನೆ. ಸೈಜ್ 312 ಎಂದು ಸರಿಯಾಗಿಯೇ ಬರುತ್ತದೆ; ಆದರೆ ಕೊನೆಯಲ್ಲಿ ಪ್ರಿಂಟ್ ಮಾಡಿದರೆ 312 ಸಾಲುಗಳಲ್ಲೂ ಫೈಲಿನ ಕೊನೆಯ ಪುಸ್ತಕವೇ ಇರುತ್ತದೆ. ಲೂಪಿನೊಳಗೆ ಪ್ರಿಂಟ್ ಮಾಡಿದಾಗ ಹೆಸರುಗಳೆಲ್ಲ ಸರಿಯಾಗಿವೆ. ಎಲ್ಲಿ ಎಡವಿದ್ದೇನೆ?

ಉತ್ತರ 1:
ತಪ್ಪು ನಿಮ್ಮ ಮಾತಿನಲ್ಲೇ ಇದೆ: ‘ಲೂಪಿಗೆ ಮೊದಲೇ ಒಂದು ಆಬ್ಜೆಕ್ಟ್’. ಅರೇಲಿಸ್ಟ್ ಆಬ್ಜೆಕ್ಟನ್ನು ನಕಲು ಮಾಡಿಟ್ಟುಕೊಳ್ಳುವುದಿಲ್ಲ, ಅದರ ರೆಫರೆನ್ಸನ್ನು, ಅಂದರೆ ಅದು ಎಲ್ಲಿದೆ ಎಂಬ ಗುರುತನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಒಂದೇ ಮನೆಯ ವಿಳಾಸವನ್ನು 312 ಚೀಟಿಗಳಲ್ಲಿ ಬರೆದಿಟ್ಟ ಹಾಗಾಗಿದೆ. ಯಾವ ಚೀಟಿ ಹಿಡಿದು ಹೋದರೂ ಬಾಗಿಲು ತೆರೆಯುವವರು ಆ ಮನೆಗೆ ಕೊನೆಯಲ್ಲಿ ಬಂದ ಬಾಡಿಗೆದಾರರೇ. ಹೊಸ ಆಬ್ಜೆಕ್ಟ್ ಮಾಡುವ ‘ನ್ಯೂ’ ಇರುವ ಸಾಲನ್ನು ಲೂಪಿನೊಳಕ್ಕೆ ತನ್ನಿರಿ, ಅಷ್ಟೇ ಸಾಕು.

ಉತ್ತರ 2:
ಮೇಲಿನ ಉತ್ತರ ಸರಿ. ಆದರೆ ಸೆಟ್ಟರ್‌ಗಳನ್ನೇ ತೆಗೆದುಹಾಕಿ, ಹೆಸರು, ಲೇಖಕರು, ಬೆಲೆ ಈ ಮೂರೂ ಫೀಲ್ಡ್‌ಗಳನ್ನು ಫೈನಲ್ (ಒಮ್ಮೆ ತುಂಬಿದ ಮೇಲೆ ಬದಲಿಸಲಾಗದಂತೆ) ಮಾಡಿ, ಮೌಲ್ಯಗಳನ್ನು ಆಬ್ಜೆಕ್ಟ್ ಸೃಷ್ಟಿಯಾಗುವಾಗ ನಡೆಯುವ ಕನ್‌ಸ್ಟ್ರಕ್ಟರ್‌ಗೆ ಕೊಡುವುದು ಇನ್ನೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆಗ ಹಳೆಯ ಆಬ್ಜೆಕ್ಟನ್ನೇ ತಿದ್ದುವ ಕೋಡ್ ಕಂಪೈಲ್ ಆಗುವುದೇ ಇಲ್ಲ. ಜಾವಾ 16 ಅಥವಾ ಅದರ ನಂತರದ ಆವೃತ್ತಿಯಿದ್ದರೆ ‘ರೆಕಾರ್ಡ್’ ಬಳಸಿ ಇದನ್ನು ಒಂದೇ ಸಾಲಿನಲ್ಲಿ ಬರೆಯಬಹುದು. ಲಿಸ್ಟ್ ಬೆಳೆಯುವುದರ ಬಗ್ಗೆ ಚಿಂತೆ ಬೇಡ. ಜಾವಾದ ಮುಕ್ತ ಆವೃತ್ತಿಯಾದ ಓಪನ್‌ಜೆಡಿಕೆಯಲ್ಲಿ ಲಿಸ್ಟಿನ ಒಳಗಿನ ಅರೇ 10 ಸ್ಥಾನಗಳಿಂದ ಆರಂಭವಾಗಿ, ತುಂಬಿದಾಗಲೆಲ್ಲ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ: 15, 22, 33, ಹೀಗೆ ಒಂಬತ್ತನೆಯ ಸಲಕ್ಕೆ 366. ನಿಮ್ಮ 312 ಪುಸ್ತಕಗಳಿಗೆ ಅಷ್ಟು ಸಾಕು.

ಪ್ರಶ್ನೆ ಕೇಳಿದವರು:
ರೆಕಾರ್ಡ್ ಮಾಡಿದ ಮೇಲೆ ಎಲ್ಲ ಪುಸ್ತಕಗಳೂ ಬೇರೆ ಬೇರೆಯಾಗಿಯೇ ಬಂದವು, ಧನ್ಯವಾದಗಳು. ಆದರೆ ದಾನವಾಗಿ ಬಂದ, ಬೆಲೆ ನಮೂದಿಸದ ಒಂದು ಪುಸ್ತಕವನ್ನು ಇಂದು ಸೇರಿಸಿದೆ. ಹೆಸರು, ಟ್ಯಾಬ್, ಲೇಖಕರು, ಟ್ಯಾಬ್ ಎಲ್ಲ ಇದ್ದರೂ ಅರೇಯ ಇಂಡೆಕ್ಸ್ ಮಿತಿ ಮೀರಿದೆ ಎಂಬ ಎಕ್ಸೆಪ್ಶನ್ (ದೋಷದ ಸೂಚನೆ) ಬಂದು ಪ್ರೋಗ್ರಾಂ ಆ ಸಾಲಿನಲ್ಲೇ ನಿಲ್ಲುತ್ತದೆ.

ಉತ್ತರ 2:
ಅದು ಲಿಸ್ಟಿನ ತಪ್ಪಲ್ಲ, ಸಾಲನ್ನು ಟ್ಯಾಬ್ ಇದ್ದಲ್ಲೆಲ್ಲ ತುಂಡು ಮಾಡುವ ಸ್ಪ್ಲಿಟ್ ಮೆಥಡ್‌ನ ಅಭ್ಯಾಸ. ಸಾಲಿನ ತುದಿಯಲ್ಲಿರುವ ಖಾಲಿ ತುಂಡುಗಳನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುವುದರಿಂದ ನಿಮಗೆ ಮೂರರ ಬದಲು ಎರಡೇ ತುಂಡುಗಳು ಸಿಗುತ್ತಿವೆ. ಸ್ಪ್ಲಿಟ್‌ಗೆ ಎರಡನೆಯ ಆರ್ಗ್ಯುಮೆಂಟ್ ಆಗಿ -1 ಕೊಟ್ಟರೆ ಖಾಲಿಯದೂ ಉಳಿಯುತ್ತದೆ. ಬೆಲೆಯನ್ನು ಸಂಖ್ಯೆಯಾಗಿ ಪರಿವರ್ತಿಸುವ ಮುನ್ನ ಆ ತುಂಡು ಖಾಲಿಯೇ ಎಂದು ಪರೀಕ್ಷಿಸಿಕೊಳ್ಳಿ; ಇಲ್ಲವಾದರೆ ಅಲ್ಲಿ ಇನ್ನೊಂದು ಎಕ್ಸೆಪ್ಶನ್ ಕಾದಿರುತ್ತದೆ.