ಪದಚರ್ಚೆ: ಟೆಸ್ಟಿಂಗ್‌ನಲ್ಲಿ ‘ಬದಲಿ ಗಡಿಯಾರ’, ಅದನ್ನು ‘ನಡೆಸು’, ‘ಹಾರಿಸು’ ಅಂದರೆ ಸರಿಯೇ?

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ನಮ್ಮದೊಂದು ಸಣ್ಣ ತಂಡ. ಸಹಕಾರ ಬ್ಯಾಂಕುಗಳ ಸಾಲ, ಬಡ್ಡಿ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತೇವೆ. ಅರಸೀಕೆರೆ, ಆಲೂರು ಕಡೆಯಿಂದ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಟೆಸ್ಟಿಂಗ್ ಬಗ್ಗೆ ಕನ್ನಡದಲ್ಲೇ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಅಧ್ಯಾಯ ನಾಲ್ಕೈದು ಪದಗಳಿಗಾಗಿ ನಿಂತಿದೆ.

ವಿಷಯ ಇಷ್ಟು. ಕಂತು ಕಟ್ಟದೆ 90 ದಿನಕ್ಕಿಂತ ಜಾಸ್ತಿ ಬಾಕಿ ಉಳಿದರೆ ಆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಅಂತ ಲೆಕ್ಕಕ್ಕೆ ಬರುತ್ತದೆ. (ಬೆಳೆಸಾಲದ ನಿಯಮ ಬೇರೆ, ಅದು ಈಗ ಬೇಡ.) ನಮ್ಮ ಪ್ರೋಗ್ರಾಂ ಇದನ್ನು ಸರಿಯಾಗಿ ಹಿಡಿಯುತ್ತದಾ ಅಂತ ನೋಡಲು 90 ದಿನ ಕಾಯುತ್ತಾ ಕೂರಲು ಆಗುತ್ತದೆಯೇ? ಅದಕ್ಕೆ ಪ್ರೋಗ್ರಾಂ ಕಂಪ್ಯೂಟರಿನ ಗಡಿಯಾರ ನೋಡದ ಹಾಗೆ ಮಾಡಿ, ನಮ್ಮ ಮಾತು ಕೇಳುವ ಇನ್ನೊಂದು ಗಡಿಯಾರ ಅದರ ಕೈಗೆ ಕೊಡುತ್ತೇವೆ. ಇವತ್ತು ಯಾವ ತಾರೀಕು, ಎಷ್ಟು ಗಂಟೆ ಅಂತ ಹೇಳುವವರು ನಾವೇ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 2014ರ 8ನೇ ಆವೃತ್ತಿಯಿಂದ ಇದಕ್ಕೆ ‘ಕ್ಲಾಕ್’ ಎಂಬ ಪ್ರತ್ಯೇಕ ವ್ಯವಸ್ಥೆಯೇ ಇದೆ. ಪೈಥಾನ್ ಭಾಷೆಯವರು ಫ್ರೀಜ್‌ಗನ್, ರೂಬಿ ಭಾಷೆಯವರು ಟೈಮ್‌ಕಾಪ್ ಎಂಬ ಸಲಕರಣೆ ಬಳಸುತ್ತಾರೆ.

ಈ ಗಡಿಯಾರಕ್ಕೆ ಏನನ್ನೋಣ? ಆಫೀಸಿನಲ್ಲಿ ಎಲ್ಲರೂ ‘ಫೇಕ್ ಕ್ಲಾಕ್’ ಅನ್ನುತ್ತೇವೆ. ‘ನಕಲಿ ಗಡಿಯಾರ’ ಅಂದರೆ ಫುಟ್‌ಪಾತ್ ಮೇಲೆ ಮಾರುವ ವಾಚು ನೆನಪಾಗುತ್ತದೆ. ‘ಹುಸಿ’ ಅಂದರೆ ಪತ್ರಿಕೆಯ ‘ಹುಸಿ ಬಾಂಬ್ ಕರೆ’. ‘ಅಣಕು’ ಒಳ್ಳೆಯ ಪದ. ಮತದಾನಕ್ಕೆ ಮುಂಚೆ ಏಜೆಂಟರ ಎದುರು ಕನಿಷ್ಠ 50 ಮತ ಹಾಕಿ ಯಂತ್ರ ಪರೀಕ್ಷಿಸುವುದಕ್ಕೆ ‘ಅಣಕು ಮತದಾನ’ ಅಂತಲೇ ಹೇಳುತ್ತಾರಲ್ಲ. ಆದರೆ ಅಣಕು ಅಂದರೆ ಇಂಗ್ಲಿಷಿನ ‘ಮಾಕ್’, ಮತ್ತು ಟೆಸ್ಟಿಂಗ್‌ನಲ್ಲಿ ‘ಮಾಕ್’ ಬೇರೆ, ‘ಫೇಕ್’ ಬೇರೆ. ತನ್ನನ್ನು ಯಾರು ಕರೆದರು, ಎಷ್ಟು ಸಲ ಕರೆದರು ಅಂತ ಗುರುತಿಟ್ಟು ಚಾಡಿ ಹೇಳುವುದು ಮಾಕ್. ಸರಳವಾಗಿಯಾದರೂ ನಿಜವಾಗಿ ಕೆಲಸ ಮಾಡುವುದು ಫೇಕ್. ಹಾಗಾಗಿ ‘ಅಣಕು’ ಪದವನ್ನು ಮಾಕ್‌ಗೆ ಎತ್ತಿಟ್ಟಿದ್ದೇನೆ. ನಮ್ಮ ತಂಡದವರೊಬ್ಬರು ‘ಕೈಯಿಂದ ನಡೆಸುತ್ತೇವಲ್ಲ, ಕೈಗಡಿಯಾರ ಅನ್ನಿ’ ಅಂದರು! ಸದ್ಯಕ್ಕೆ ನನ್ನ ಒಲವು ‘ಬದಲಿ ಗಡಿಯಾರ’ದ ಕಡೆಗೆ. ಬದಲಿ ಡ್ರೈವರ್ ಇದ್ದ ಹಾಗೆ: ಆಳು ಬೇರೆ, ಕೆಲಸ ಅದೇ.

ಈ ಗಡಿಯಾರವನ್ನು ‘ಫ್ರೀಜ್’ ಮಾಡುವುದಕ್ಕೆ, ಅಂದರೆ ಒಂದೇ ಹೊತ್ತಿನಲ್ಲಿ ಕದಲದಂತೆ ಇಡುವುದಕ್ಕೆ, ‘ಹೆಪ್ಪುಗಟ್ಟಿಸು’ ಬೇಡ, ಅದು ಹಾಲಿನ ಕೆಲಸ. ‘ಕಾಲಸ್ತಂಭನ’ ಮಂತ್ರವಾದಿಯ ಕೆಲಸ. ಸುಮ್ನೆ ‘ನಿಲ್ಲಿಸು’ ಸಾಕಲ್ವಾ? ‘ಗಡಿಯಾರ ನಿಂತಿದೆ’ ಅಂದರೆ ಸೆಲ್ ಹೋಗಿದೆ ಅಂತ. ‘ನಿಲ್ಲಿಸಿದೆ’ ಅಂದರೆ ಯಾರೋ ಬೇಕಂತಲೇ ಮಾಡಿದ್ದು. ಒಂದು ಪ್ರತ್ಯಯದಲ್ಲೇ ವ್ಯತ್ಯಾಸ ಸಿಕ್ಕಿತು.

ನಿಜವಾದ ತೊಡಕು ‘ಅಡ್ವಾನ್ಸ್’ ಪದದ್ದು, ಅಂದರೆ ಗಡಿಯಾರವನ್ನು ಮುಂದಕ್ಕೆ ಒಯ್ಯುವುದರದ್ದು. ಗಡಿಯಾರವನ್ನು ‘ಮುಂದೂಡು’ ಅಂತ ಬರೆಯೋಣವೆಂದರೆ, ಕನ್ನಡದಲ್ಲಿ ಪರೀಕ್ಷೆ ಮುಂದೂಡಿದರು ಅಂದರೆ ತಡವಾಯಿತು ಅಂತ ಅರ್ಥ. ಇಲ್ಲಿ ಬೇಕಾದದ್ದು ತದ್ವಿರುದ್ಧ. ಮುಂದೆ ಬರಬೇಕಾದ ದಿನ ಈಗಲೇ ಬರಬೇಕು. ‘ಕಾಲ ತಳ್ಳು’ ಅಂದರೆ ಹೇಗೋ ಬದುಕು ಸಾಗಿಸುವುದು. ಅದೂ ಆಗಲಿಲ್ಲ.

ಸಾಲದ್ದಕ್ಕೆ ಇದರಲ್ಲಿ ಎರಡು ಬಗೆ. ನಮ್ಮ ಪ್ರೋಗ್ರಾಂ ದಿನಾ ನಡುರಾತ್ರಿ ಬಡ್ಡಿ ಸೇರಿಸುತ್ತದೆ. ಗಡಿಯಾರವನ್ನು 91 ದಿನ ಸಾಗಿಸುವಾಗ ದಾರಿಯಲ್ಲಿ ಬರುವ ಒಂದೊಂದು ನಡುರಾತ್ರಿಯ ಲೆಕ್ಕವೂ ಸರದಿಯಂತೆ ಆಗಬೇಕು. ಇದು ಒಂದು ಬಗೆ. ಮಧ್ಯದ್ದು ಯಾವುದೂ ಆಗದೆ ನೇರ ಆ ತಾರೀಕಿಗೆ ಹೋಗಿ ಕೂರುವುದು ಇನ್ನೊಂದು. ಜಾವಾಸ್ಕ್ರಿಪ್ಟ್ ಭಾಷೆಯ ಜೆಸ್ಟ್ ಎಂಬ ಟೆಸ್ಟಿಂಗ್ ಸಲಕರಣೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಆಜ್ಞೆಗಳಿವೆ. ಹೊಸಬರು ಎಡವುವುದು ಇಲ್ಲೇ: ತಾರೀಕು ಬದಲಾಯಿಸಿ, ಬಡ್ಡಿ ಯಾಕೆ ಸೇರಲಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ. ಮೊದಲನೆಯದಕ್ಕೆ ‘ಗಡಿಯಾರ ನಡೆಸು’, ಎರಡನೆಯದಕ್ಕೆ ‘ಗಡಿಯಾರ ಹಾರಿಸು’ ಅಂತ ಇಟ್ಟಿದ್ದೇನೆ. ‘ಎರಡು ಪುಟ ಹಾರಿಸಿ ಓದಿದೆ’ ಅನ್ನುವ ಅರ್ಥದ ಹಾರಿಸು. ಬಾವುಟ, ಗುಂಡು ಅಡ್ಡ ಬರುತ್ತವಾ? ಗೊಂದಲ ಆಗಲಾರದು ಅಂತ ನನ್ನ ಅನಿಸಿಕೆ, ಆದರೂ ಕೇಳುತ್ತಿದ್ದೇನೆ.

ವಾಕ್ಯದಲ್ಲಿ ಹೀಗೆ ಬರುತ್ತದೆ: ‘ಬದಲಿ ಗಡಿಯಾರವನ್ನು ಮಾರ್ಚ್ 31ರ ರಾತ್ರಿ 11:59ಕ್ಕೆ ನಿಲ್ಲಿಸಿ. ಎರಡು ನಿಮಿಷ ನಡೆಸಿ. ಹೊಸ ಆರ್ಥಿಕ ವರ್ಷದ ಖಾತೆ ತೆರೆಯಿತೇ ನೋಡಿ.’ ಸರ್ವರ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದಲ್ಲಿದ್ದರೆ ಅಲ್ಲಿ ಮಾರ್ಚ್ 31ರ ಸಂಜೆ 6:30 ಆದಾಗಲೇ ನಮಗೆ ಏಪ್ರಿಲ್ 1. ತಪ್ಪುಗಳೆಲ್ಲ ಸಿಗುವುದು ಈ ಐದೂವರೆ ಗಂಟೆಯ ಸಂದಿಯಲ್ಲೇ.

ಇನ್ನೊಂದಕ್ಕೆ ಪದವೇ ಹೊಳೆದಿಲ್ಲ. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ 1.25ನೇ ಆವೃತ್ತಿಯಲ್ಲಿ, 2025ರಲ್ಲಿ, ‘ಸಿಂಕ್‌ಟೆಸ್ಟ್’ ಎಂಬ ಟೆಸ್ಟಿಂಗ್ ಸಲಕರಣೆ ಪೂರ್ತಿಯಾಗಿ ಸೇರಿತು. ಅದರ ಗಡಿಯಾರ ಶುರುವಾಗುವುದು ಯುಟಿಸಿಯ 2000ದ ಜನವರಿ 1ರ ನಡುರಾತ್ರಿಯಿಂದ. ಯಾರೂ ಅದನ್ನು ಮುಟ್ಟಬೇಕಿಲ್ಲ. ಒಳಗಿನ ಕೆಲಸಗಳೆಲ್ಲ ಕಾಯುತ್ತಾ ಕೂತಾಗ ಮಾತ್ರ ತಾನೇ ಮುಂದಿನ ಟೈಮರ್ ಹತ್ತಿರಕ್ಕೆ ಹೋಗುತ್ತದೆ. ಒಳಗೆ ಯಾವುದಾದರೂ ಕೆಲಸ ನಡೆಯುತ್ತಿದ್ದರೆ ಅಲ್ಲಾಡುವುದಿಲ್ಲ. ಇದು ನಡೆಸುವುದೂ ಅಲ್ಲ, ಹಾರಿಸುವುದೂ ಅಲ್ಲ. ‘ತಾನೇ ಸರಿಯುವ ಗಡಿಯಾರ’ ಅಂತ ಬರೆದಿದ್ದೇನೆ, ಉದ್ದವಾಯಿತು. ವಾಚ್ ರಿಪೇರಿಯವರ ಮಾತಿನಲ್ಲೋ, ಪಂಚಾಂಗದವರ ಮಾತಿನಲ್ಲೋ ಇದಕ್ಕೆ ಹೊಂದುವ ಚಿಕ್ಕ ಪದ ಯಾರಿಗಾದರೂ ಗೊತ್ತಿದೆಯೇ?